ಟವಲ್ಲು ಹಾಕಿದ ಸೀಟು

ಒಬ್ಬಳೇ ಪ್ರಯಾಣ ಮಾಡುವುದೆಂದರೆ ನನಗೆ ಮೊದಲಿನಿಂದಲೂ ಪುಕ್ಕಲು. ಐವತ್ತು ದಾಟಿದ ಮೇಲೆ ಇದನ್ನು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೇನೂ ಇಲ್ಲ. ಕೆಲವರಿಗೆ ಹಾವಿನ ಭಯ, ಕೆಲವರಿಗೆ ನೀರಿನ ಭಯ, ಇನ್ನು ಕೆಲವರಿಗೆ ಅತ್ತೆಯ ಭಯ. ನನಗೆ ಬಸ್ಸಿನ ಭಯ. ಸರಿಯಾಗಿ ಹೇಳಬೇಕೆಂದರೆ ಬಸ್ಸಿನ ಭಯವೂ ಅಲ್ಲ, ಬಸ್ಸಿನಲ್ಲಿ ಸೀಟು ಸಿಗುವುದಿಲ್ಲವೆಂಬ ಭಯ. ಮದುವೆಯಾಗಿ ಬಿಳಿಕೆರೆಗೆ ಬಂದಾಗಿನಿಂದ ನಾನು ಸ್ವಂತ ಪ್ರಯತ್ನದಿಂದ ಒಂದು ಸೀಟನ್ನೂ ಸಂಪಾದಿಸಿದವಳಲ್ಲ. ಆ ಖಾತೆ ನಮ್ಮ ಮನೆಯವರದು. ಬಸ್ಸು ಇನ್ನೂ ಸ್ಟ್ಯಾಂಡಿನೊಳಗೆ ತಿರುಗುತ್ತಿರುವಾಗಲೇ ಅವರು ಹೆಗಲ ಮೇಲಿನ ಟವಲ್ಲನ್ನು ಕೈಗೆ ತೆಗೆದುಕೊಂಡು, ಬಸ್ಸಿನ ಜೊತೆಜೊತೆಗೇ ಓಡಿ, ಕಿಟಕಿಯೊಳಗೆ ಅದನ್ನು ತೂರಿಬಿಡುತ್ತಾರೆ. ಟವಲ್ಲು ಎಲ್ಲಿ ಬಿತ್ತೋ ಆ ಸೀಟು ನಮ್ಮದು. ಆಮೇಲೆ ನಾನು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಹತ್ತಿ ಹೋಗಿ ಕೂರುತ್ತೇನೆ. ಹೆಂಗಸರಿಗೆ ಬಸ್ ಚಾರ್ಜಿಲ್ಲ ಎಂದಾದ ಮೇಲಂತೂ ನೂಕುನುಗ್ಗಲು ಹೆಚ್ಚಾಗಿ, ಅವರ ಈ ವಿದ್ಯೆಗೆ ಇನ್ನಷ್ಟು ಬೆಲೆ ಬಂದಿದೆ.

ನಮ್ಮ ಕಡೆಯ ಬಸ್ಸು ಹತ್ತದವರಿಗೆ ಈ ಟವಲ್ಲಿನ ಮಹಿಮೆ ಗೊತ್ತಾಗುವುದಿಲ್ಲ. ಇದನ್ನು ಯಾವ ಸರ್ಕಾರವೂ ಕಾನೂನು ಮಾಡಿಲ್ಲ, ಆದರೆ ಕಾನೂನಿಗೆ ಸಿಗದ ಮರ್ಯಾದೆ ಇದಕ್ಕೆ ಸಿಗುತ್ತದೆ. ಗದ್ದೆಯ ಬದುವನ್ನು ರಾತ್ರೋರಾತ್ರಿ ಒತ್ತುವವನು ಕೂಡ ಇನ್ನೊಬ್ಬರ ಟವಲ್ಲು ಬಿದ್ದ ಸೀಟಿನ ಮೇಲೆ ಕೂರುವುದಿಲ್ಲ. ಅಷ್ಟೇ ಅಲ್ಲ, ಟವಲ್ಲು ಹಾಕಿ ನೀವು ಕಾಫಿಗೋ ಮತ್ತೊಂದಕ್ಕೋ ಇಳಿದು ಹೋದರೆ ಅಕ್ಕಪಕ್ಕದವರು ಬಸ್ಸನ್ನು ಹೊರಡಲು ಬಿಡುವುದಿಲ್ಲ. 'ಕಂಡಕ್ಟ್ರೇ, ಒಬ್ರು ಇಳ್ದವ್ರೆ, ವಸಿ ತಡೀರಿ' ಎಂದು ಇಡೀ ಬಸ್ಸೇ ನಿಮ್ಮ ಪರವಾಗಿ ನಿಲ್ಲುತ್ತದೆ. ಈ ಧೈರ್ಯದ ಮೇಲೆಯೇ ನಾವೆಲ್ಲ ಬಿಳಿಕೆರೆಯಿಂದ ಮೈಸೂರಿನವರೆಗೆ ನಿಶ್ಚಿಂತೆಯಾಗಿ ಓಡಾಡಿಕೊಂಡಿರುವುದು. ಮೈಸೂರಿನ ಆಚೆಗೂ ಭೂಮಿ ಇದೆ ಎಂಬುದು ನನಗೆ ತಿಳಿದಿತ್ತಾದರೂ ಅಲ್ಲಿಗೆ ಹೋಗಬೇಕಾದ ಪ್ರಸಂಗ ಬಂದಿರಲಿಲ್ಲ.

ಬಂದದ್ದು ನಮ್ಮ ಗೊಬ್ಬರದ ಅಂಗಡಿಯಿಂದ. ಅಂಗಡಿ ನಡೆಸುವವರು ನಮ್ಮ ಮನೆಯವರು, ಆದರೆ ಲೈಸೆನ್ಸು ನನ್ನ ಹೆಸರಿನಲ್ಲಿದೆ. ಗೊಬ್ಬರ, ಔಷಧಿ ಮಾರುವುದಕ್ಕೆ ಓದಿದವರೇ ಬೇಕೆಂದು ನಿಯಮ ಬಂದಾಗ ಮನೆಯಲ್ಲಿ ಹುಡುಕಿದರೆ ಸಿಕ್ಕಿದ್ದು ನನ್ನ ಬಿ.ಎಸ್ಸಿ. ಒಂದೇ. ಟ್ರಂಕಿನ ತಳದಲ್ಲಿ ಡಾಂಬರು ಗುಳಿಗೆಯ ವಾಸನೆ ಹೀರಿಕೊಂಡು ಮಲಗಿದ್ದ ಆ ಸರ್ಟಿಫಿಕೇಟು ಅಂದಿನಿಂದ ಗಾಜಿನ ಚೌಕಟ್ಟಿನೊಳಗೆ ಸೇರಿ, ದೇವರ ಫೋಟೋದ ಪಕ್ಕದಲ್ಲಿ ಊದುಬತ್ತಿಯ ಹೊಗೆ ಕುಡಿಯುತ್ತಿದೆ. ಅದನ್ನು ನೋಡಿ ನೋಡಿ ಊರವರು ನನ್ನನ್ನು 'ಗೊಬ್ಬರದ ಸುಶೀಲಕ್ಕ' ಎಂದು ಕರೆಯುತ್ತಾರೆ. ನಾನು ಕ್ಯಾಷಿನ ಹತ್ತಿರ ಕೂರುತ್ತೇನೆ, ರೈತರು ತರುವ ಎಲೆ ನೋಡಿ ರೋಗ ಯಾವುದೆಂದು ಹೇಳುತ್ತೇನೆ, ಅಷ್ಟೇ.

ಹೀಗಿರುವಾಗ ನಾವು ಮಾಲು ತರಿಸುವ ಕಂಪನಿಯೊಂದು, ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳನ್ನು ವಿಯೆಟ್ನಾಂ ದೇಶಕ್ಕೆ ಕರೆದುಕೊಂಡು ಹೋಗುತ್ತೇವೆಂದು ಪ್ರಕಟಿಸಿತು. ನಮ್ಮ ಮನೆಯವರು ಉಮೇದಿನಿಂದ ಪಾಸ್‌ಪೋರ್ಟ್ ಮಾಡಿಸಿಕೊಂಡರು. ಒಬ್ಬರೇ ಮಾಡಿಸಿದರೆ ಚೆನ್ನಾಗಿರುವುದಿಲ್ಲವೆಂದು, ಜಾತ್ರೆಯಲ್ಲಿ ಕಡಲೆಪುರಿಯ ಜೊತೆ ಕೊಸರು ಹಾಕಿಸಿದ ಹಾಗೆ, ನನಗೂ ಒಂದು ಮಾಡಿಸಿದರು. ಕೊನೆಗೆ ಕಂಪನಿಯವರು ಫೋನ್ ಮಾಡಿ, 'ಅಂಗಡಿಗೆ ಒಂದೇ ಟಿಕೆಟ್, ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು' ಎಂದರು. ಆ ಮಧ್ಯಾಹ್ನ ನಮ್ಮ ಮನೆಯವರು ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದರು. ಆಗಿರಲಿಲ್ಲ.

'ನಿನ್ ಕೈಲಾಗಲ್ಲ ಬುಡು, ಆಗಲ್ಲ ಅಂತ ಹೇಳ್ಬುಡ್ತೀನಿ' ಎಂದರು. ನಿಜ ಹೇಳಬೇಕೆಂದರೆ ನಾನೂ ಅದನ್ನೇ ಹೇಳಬೇಕೆಂದಿದ್ದೆ. ಆದರೆ ಅವರ ಬಾಯಿಂದ ಮೊದಲು ಬಂದುಬಿಟ್ಟಿತಲ್ಲ, ನನಗೆ ಎಲ್ಲಿತ್ತೋ ಸಿಟ್ಟು, 'ಯಾಕಾಗಲ್ಲ? ಹೋಗೇ ಹೋಗ್ತೀನಿ' ಎಂದುಬಿಟ್ಟೆ. ಒಳಗೆ ಹೋಗಿ ಅಕ್ಕಿ ಹಾಕದೆಯೇ ಕುಕ್ಕರು ಇಟ್ಟೆ. ಎರಡು ದಿನ ಬಿಟ್ಟು ಸಮಾಧಾನವಾಗಿ ಹಿಂದೆಗೆಯೋಣ ಎಂದುಕೊಂಡರೆ, ಅಷ್ಟರಲ್ಲಿ ನನ್ನ ಮೈದುನ ಹೈವೇ ಪಕ್ಕದಲ್ಲಿ ಫ್ಲೆಕ್ಸ್ ಕಟ್ಟಿಸಿಬಿಟ್ಟಿದ್ದ. 'ವಿಯೆಟ್ನಾಂ ಪ್ರವಾಸಕ್ಕೆ ತೆರಳುತ್ತಿರುವ ನಮ್ಮೂರ ಹೆಮ್ಮೆಯ ಶ್ರೀಮತಿ ಸುಶೀಲಮ್ಮನವರಿಗೆ ಶುಭ ಪ್ರಯಾಣ.' ಮಧ್ಯದಲ್ಲಿ ನನ್ನ ಪಾಸ್‌ಪೋರ್ಟ್ ಫೋಟೋ. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಮುಖ. ಸುತ್ತಲೂ ಶುಭ ಕೋರುವವರ ಹನ್ನೆರಡು ತಲೆಗಳು, ಅದರಲ್ಲಿ ಇಬ್ಬರ ಪರಿಚಯ ನನಗೆ ಇವತ್ತಿಗೂ ಇಲ್ಲ. ಹುಣಸೂರಿಗೆ ಹೋಗುವ ಪ್ರತಿ ಬಸ್ಸಿನವರೂ ನೋಡುವಂತೆ ಫ್ಲೆಕ್ಸ್ ಕಟ್ಟಿದ ಮೇಲೆ ಯಾರು ತಾನೇ ಮನೆಯಲ್ಲಿ ಕೂರಲು ಸಾಧ್ಯ?

ಆಮೇಲೆ ಅಂಗಡಿಗೆ ಬಂದವರೆಲ್ಲ ಯೂರಿಯಾದ ಜೊತೆಗೆ ನನಗೆ ಬುದ್ಧಿವಾದವನ್ನೂ ಕೊಟ್ಟು ಹೋದರು. ಅಲ್ಲಿ ಹಾವು ತಿನ್ನುತ್ತಾರೆ, ಸಾರಿನಲ್ಲಿ ಏನಿದೆ ಎಂದು ಕೇಳದೆ ಬಾಯಿಗಿಡಬೇಡ ಎಂದರು ಒಬ್ಬರು. ಕೇಳಿದರೂ ಅವರು ಹೇಳಿದ್ದು ನಿನಗೆ ಎಲ್ಲಿ ಅರ್ಥವಾಗುತ್ತದೆ ಎಂದರು ಇನ್ನೊಬ್ಬರು. ನಾನು ಹುರಿಹಿಟ್ಟು, ಕೋಡುಬಳೆ, ಚಟ್ನಿಪುಡಿ ಕಟ್ಟಿಕೊಂಡೆ. ಪಾಸ್‌ಪೋರ್ಟ್ ಇಟ್ಟುಕೊಳ್ಳಲು ರವಿಕೆಯ ಬಟ್ಟೆಯಲ್ಲಿ ಒಂದು ಚೀಲ ಹೊಲಿದು ಸೊಂಟಕ್ಕೆ ಕಟ್ಟಿಕೊಂಡೆ. ಹೊರಡುವ ಹೊತ್ತಿಗೆ ನಮ್ಮ ಮನೆಯವರು ಹೆಗಲ ಮೇಲಿದ್ದ ಕೆಂಪಂಚಿನ ಟವಲ್ಲನ್ನು ತೆಗೆದು, ಮಡಿಸಿ, ನನ್ನ ಬ್ಯಾಗಿಗೆ ತುರುಕಿದರು. 'ಇದಿರ್ಲಿ. ಎಲ್ಲಾದ್ರೂ ಸೀಟ್ ಇಡಿಯಕ್ಕಾಯ್ತದೆ' ಎಂದರು. ಇಷ್ಟು ಹೇಳಿ ಯಾರದೋ ಮೂಟೆ ಎತ್ತಿಕೊಡಲು ಹೋದರು. ಯಾರೂ ಮೂಟೆ ಕೇಳಿರಲಿಲ್ಲ.

ವಿಮಾನದಲ್ಲಿ ಟವಲ್ಲಿಗೆ ಕೆಲಸವಿರಲಿಲ್ಲ. ಅಲ್ಲಿ ಸೀಟಿಗೆಲ್ಲ ಮೊದಲೇ ನಂಬರು ಹಾಕಿರುತ್ತಾರೆಂದು ನನಗೆ ಗೊತ್ತಿಲ್ಲದೆ, ಬಾಗಿಲು ತೆರೆದ ಕೂಡಲೇ ಕೈ ತಾನಾಗಿ ಬ್ಯಾಗಿಗೆ ಹೋಗಿತ್ತು. ನಮ್ಮ ಗುಂಪಿನಲ್ಲಿ ಮೂವತ್ತಕ್ಕೂ ಹೆಚ್ಚು ಡೀಲರುಗಳಿದ್ದರು, ಎಲ್ಲರೂ ನಮ್ಮ ಕಡೆಯ ಗಂಡಸರು. ಹೆಂಗಸೆಂದರೆ ನಾನೊಬ್ಬಳೇ. ಪರಿಚಯದವರೆಂದರೆ ಪಿರಿಯಾಪಟ್ಟಣದಲ್ಲಿ ಅಂಗಡಿ ಇಟ್ಟಿರುವ ಚಂದ್ರಣ್ಣ. ಒಳ್ಳೆಯ ಮನುಷ್ಯ, ಆದರೆ ಹೆಂಗಸರ ಜೊತೆ ಮಾತಾಡುವಾಗ ಗೋಡೆ ನೋಡಿಕೊಂಡು ಮಾತಾಡುವ ಸ್ವಭಾವ. ಹೀಗಾಗಿ ಗುಂಪಿನಲ್ಲಿದ್ದೂ ನಾನು ಒಂಟಿ. ಅವರು ನಗುವಾಗ ಯಾಕೆ ನಕ್ಕರೆಂದು ಕೇಳುವಂತಿಲ್ಲ. ನಾನು ಹತ್ತಿರ ಹೋದರೆ ನಗು ನಿಂತು 'ಕಾಫಿ ಆಯ್ತಾ ಮೇಡಂ' ಎಂಬಲ್ಲಿಗೆ ಬರುತ್ತಿತ್ತು. ಹೋಟೆಲಿನಲ್ಲಿ ನನಗೊಂದು ದೊಡ್ಡ ರೂಮು ಕೊಟ್ಟಿದ್ದರು. ಬಾಗಿಲಿಗೆ ಕುರ್ಚಿ ಒತ್ತರಿಸಿ, ಅದರ ಮೇಲೆ ಸೂಟ್‌ಕೇಸು ಇಟ್ಟು ಮಲಗಿದೆ. ಬೆಳಿಗ್ಗೆ ಅದನ್ನೆಲ್ಲ ಸರಿಸಿ ಹೊರಗೆ ಬರುವಷ್ಟರಲ್ಲಿ ತಿಂಡಿ ಮುಗಿದಿತ್ತು.

ಆ ನಗರದ ತುಂಬ ಸ್ಕೂಟರುಗಳು. ರಸ್ತೆ ದಾಟಬೇಕಾದಾಗ ನಾನು ಹಿಂದಿನಿಂದ ಚಂದ್ರಣ್ಣನವರ ಶರಟಿನ ತುದಿಯನ್ನು ಅವರಿಗೆ ತಿಳಿಯದ ಹಾಗೆ ಹಿಡಿದುಕೊಳ್ಳುತ್ತಿದ್ದೆ. ಅವರಿಗೆ ತಿಳಿಯುತ್ತಿತ್ತು; ಗೋಡೆ ನೋಡುವ ಬದಲು ಆಕಾಶ ನೋಡಿಕೊಂಡು ದಾಟುತ್ತಿದ್ದರು.

ಮಾರನೆಯ ದಿನ ನದಿಯ ಕಡೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದರು, ದೋಣಿ ವಿಹಾರಕ್ಕೆ. ನಗರ ದಾಟಿದ್ದೇ ತಡ, ಎರಡೂ ಕಡೆ ಭತ್ತದ ಗದ್ದೆ. ನನಗೆ ಜೀವ ಬಂದ ಹಾಗಾಯಿತು. ನನ್ನ ತವರು ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆ, ನಾಲೆ ನೀರಿನ ಊರು. ಆ ಪೈರಿನ ಹಸಿರು ನೋಡುತ್ತಿದ್ದರೆ ವಿಯೆಟ್ನಾಮಿಗೆ ಬಂದಿದ್ದೇನೋ ತವರಿಗೆ ಹೊರಟಿದ್ದೇನೋ ಎಂದು ಒಂದು ಗಳಿಗೆ ಮರೆತೇಹೋಯಿತು. ಈ ಮರೆವೇ ನನ್ನನ್ನು ಕೆಡಿಸಿದ್ದು. ಬಸ್ಸನ್ನು ರಸ್ತೆ ಬದಿಯ ಹೋಟೆಲಿನ ಮುಂದೆ ನಿಲ್ಲಿಸಿದಾಗ, ನಮ್ಮೂರ ಬಸ್ಸಿನಿಂದ ಇಳಿಯುವ ಹಾಗೆಯೇ ಇಳಿದೆ. ಫೋನು ಸೀಟಿನ ಹತ್ತಿರ ಚಾರ್ಜಿಗೆ ಹಾಕಿತ್ತು, ಬ್ಯಾಗು ಸೀಟಿನ ಮೇಲಿತ್ತು. ಎರಡರ ಮೇಲೂ ಕೆಂಪಂಚಿನ ಟವಲ್ಲನ್ನು ಅಚ್ಚುಕಟ್ಟಾಗಿ ಹೊದಿಸಿ ಹೋದೆ. ಇನ್ನೇನು ಚಿಂತೆ?

ಕೈಕಾಲು ತೊಳೆದು ಬಂದು ನೋಡಿದರೆ ರಸ್ತೆಯ ಆಚೆ ಒಂದು ಗೊಬ್ಬರದ ಅಂಗಡಿ. ಹೊರಗೆ ಮೂಟೆಗಳ ಒಟ್ಟಿಲು, ಒಳಗೆ ಔಷಧಿ ಡಬ್ಬಿಗಳ ಸಾಲು, ಮುಂದುಗಡೆ ಕಂಪನಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು. ಅಲ್ಲಿಯ ಭಾಷೆ ಬಿಟ್ಟರೆ ಉಳಿದಿದ್ದೆಲ್ಲ ನಮ್ಮ ಅಂಗಡಿಯೇ. ಅರಮನೆ ಕಂಡರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. ಮೂಟೆ ಹೇಗೆ ಒಟ್ಟಿದ್ದಾರೆ, ಕೆಳಗೆ ಹಲಗೆ ಹಾಕಿದ್ದಾರೋ ಇಲ್ಲವೋ, ಸುಮ್ಮನೆ ಒಂದು ಸಲ ನೋಡಿ ಬರೋಣ ಎಂದು ದಾಟಿದೆ. ಆ ರಸ್ತೆಯನ್ನು ಯಾರ ಶರಟೂ ಹಿಡಿಯದೆ ದಾಟಿದೆ ಎಂಬುದು ಆಮೇಲೆ ಹೊಳೆಯಿತು.

ಕ್ಯಾಷಿನಲ್ಲಿ ನನ್ನ ವಯಸ್ಸಿನ ಒಬ್ಬಾಕೆ ಕೂತಿದ್ದಳು. ನನ್ನ ಸೀರೆ ನೋಡಿ ನಕ್ಕಳು, ನಾನೂ ನಕ್ಕೆ. ಅಷ್ಟರಲ್ಲಿ ಒಬ್ಬ ರೈತ ಕೈಯಲ್ಲಿ ನಾಲ್ಕು ಭತ್ತದ ಎಲೆ ಹಿಡಿದುಕೊಂಡು ಒಳಗೆ ಬಂದ. ನಮ್ಮ ರೈತರೂ ಹಾಗೆಯೇ ಬರುತ್ತಾರೆ, ಮಗುವಿಗೆ ಜ್ವರ ಬಂದವರ ಮುಖ ಹೊತ್ತುಕೊಂಡು. ಆಕೆ ಎಲೆಯನ್ನು ಬೆಳಕಿಗೆ ಹಿಡಿದಳು. ನಾನು ತಡೆಯಲಾರದೆ ಪಕ್ಕಕ್ಕೆ ಹೋಗಿ ಬಗ್ಗಿದೆ. ಎಲೆಯ ಮೇಲೆ ಕಣ್ಣಿನಾಕಾರದ ಕಂದು ಚುಕ್ಕೆಗಳು. 'ಬೆಂಕಿ ರೋಗ' ಎಂದೆ ನಾನು ಕನ್ನಡದಲ್ಲಿ. ಆಕೆ ತನ್ನ ಭಾಷೆಯಲ್ಲಿ ಏನೋ ಅಂದಳು. ಎದ್ದು ಹೋಗಿ ಒಂದು ಡಬ್ಬಿ ತೆಗೆದಳು. ನಾನು ಡಬ್ಬಿಯ ಹಿಂದಿನ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನ ಹೆಸರು ಹುಡುಕಿ ಓದಿ ತಲೆಯಾಡಿಸಿದೆ. ಇಬ್ಬರೂ ಒಂದೇ ಔಷಧಿಗೆ ಬಂದಿದ್ದೆವು. ಆ ಸಂತೋಷದಲ್ಲಿ ನಾನು ಹಿಂತಿರುಗಿ ನೋಡಿದೆ. ಬಸ್ಸು ಇರಲಿಲ್ಲ.

ಮೊದಲಿಗೆ ನನಗೆ ಭಯವಾಗಲಿಲ್ಲ. ಟವಲ್ಲು ಹಾಕಿದ್ದೇನಲ್ಲ, ಸ್ವಲ್ಪ ಮುಂದೆ ಎಳೆದು ನಿಲ್ಲಿಸಿರಬೇಕು ಎಂದುಕೊಂಡೆ. ರಸ್ತೆಗೆ ಬಂದು ಆ ಕಡೆ ಈ ಕಡೆ ನೋಡಿದೆ. ಸ್ಕೂಟರುಗಳು ಬಿಟ್ಟರೆ ಏನೂ ಇಲ್ಲ. ಆಗ ಭಯವಾಯಿತು. ಫೋನಿಲ್ಲ, ದುಡ್ಡಿಲ್ಲ, ಹೋಟೆಲಿನ ಹೆಸರು ನೆನಪಿಲ್ಲ, ಸೊಂಟದ ಚೀಲದಲ್ಲಿ ಪಾಸ್‌ಪೋರ್ಟ್ ಒಂದಿದೆ. ನಾನು ಇಲ್ಲೇ ಉಳಿದುಬಿಟ್ಟರೆ ಬಿಳಿಕೆರೆಯವರು ಆ ಫ್ಲೆಕ್ಸನ್ನು ಬಿಚ್ಚುತ್ತಾರೋ, ಅಥವಾ ಅಕ್ಷರ ಮಾತ್ರ ಬದಲಾಯಿಸಿ ಅದೇ ಫೋಟೋ ಇಡುತ್ತಾರೋ ಎಂಬಲ್ಲಿಯವರೆಗೆ ಯೋಚನೆ ಹೋಯಿತು. ಕಣ್ಣಲ್ಲಿ ನೀರು ತುಂಬಿತು. ಅಂಗಡಿಯಾಕೆ ಬಂದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಐಸು ಹಾಕಿದ ಟೀ ಕೊಟ್ಟಳು. ಆಮೇಲೆ ತನ್ನ ಫೋನು ತೆಗೆದು 'ಇಂಡಿಯಾ?' ಎಂದಳು. ಭಾಷೆ ಬದಲಾಯಿಸಿ ಮಾತಾಡುವ ಆ್ಯಪು. ಭಾಷೆಗಳ ಸಾಲಿನಲ್ಲಿ 'ಕನ್ನಡ' ಎಂದು ಕಂಡಾಗ, ನನಗೆ ತವರಿನವರು ಎದುರು ಸಿಕ್ಕಿದಷ್ಟು ಸಮಾಧಾನವಾಯಿತು.

ಆಕೆ ಫೋನಿಗೆ ಏನೋ ಹೇಳಿದಳು. ಫೋನು ಗಂಭೀರವಾದ ಹೆಣ್ಣು ದನಿಯಲ್ಲಿ, 'ದಯವಿಟ್ಟು ರೋದಿಸಬೇಡಿ. ನಿಮ್ಮ ವಾಹನವು ನಿಮ್ಮನ್ನು ಮರೆತಿದೆ' ಎಂದಿತು. ಅಳುತ್ತಿದ್ದವಳಿಗೆ ನಗು ಬಂತು. ಸ್ವಲ್ಪ ಹೊತ್ತಿನ ಮೇಲೆ ಫೋನು, 'ನಿಮ್ಮ ಪತಿಯು ಎಲ್ಲಿದ್ದಾನೆ?' ಎಂದು ಕೇಳಿತು. 'ಬಿಳಿಕೆರೆಯಲ್ಲಿ' ಎಂದೆ. ನಾನೂ ಕೈ ಸನ್ನೆಯಲ್ಲಿ ಆಕೆಯದನ್ನು ಕೇಳಿದೆ. ಆಕೆ ಮೂಟೆಗಳ ಹಿಂದೆ ತೋರಿಸಿದಳು. ಕಟ್ಟಿದ್ದ ಬಲೆಯ ತೂಗುಮಂಚದಲ್ಲಿ ಒಬ್ಬಾತ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಸೆರಗಿಲ್ಲದ್ದಕ್ಕೆ ಆಕೆ ಅಂಗೈ ಇಟ್ಟುಕೊಂಡಳು.

ಈಗ ಯಾರಿಗಾದರೂ ಫೋನ್ ಮಾಡಬೇಕು. ನನಗೆ ಬಾಯಿಪಾಠವಿರುವ ನಂಬರುಗಳು ಎರಡೇ, ಅಂಗಡಿಯ ಬೋರ್ಡಿನ ಮೇಲೆ ಬರೆಸಿರುವ ನಮ್ಮಿಬ್ಬರವು. ನಮ್ಮ ಮನೆಯವರಿಗೆ ಮಾಡಬಹುದಿತ್ತು. ಮಾಡಿದರೆ 'ನಾನೇಳ್ಲಿಲ್ವಾ' ಎಂಬ ಒಂದು ಮಾತು ಬರುತ್ತಿತ್ತು, ಆ ಮಾತು ನಾನು ಬದುಕಿರುವವರೆಗೂ ಮನೆಯಲ್ಲಿ ಓಡಾಡಿಕೊಂಡಿರುತ್ತಿತ್ತು. ಅದಕ್ಕಿಂತ ವಿಯೆಟ್ನಾಮಿನಲ್ಲಿ ಗೊಬ್ಬರ ಮಾರಿಕೊಂಡಿರುವುದು ವಾಸಿ. ಹಾಗಾಗಿ ನನ್ನ ನಂಬರಿಗೇ ಮಾಡಿಸಿದೆ. ಟವಲ್ಲಿನ ಕೆಳಗೆ ಫೋನು ಬಡಿದುಕೊಂಡರೆ ಯಾರಾದರೂ ಎತ್ತುತ್ತಾರಲ್ಲ. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ಎತ್ತಿದರು. ಹಿಂದೆ ಹಾಡು, ಚಪ್ಪಾಳೆ.

'ಅಲೋ' ಎಂದಿತು ಚಂದ್ರಣ್ಣನವರ ದನಿ.

'ಚಂದ್ರಣ್ಣಾರೇ, ಸುಶೀಲನ್ನ...'

'ಸುಶೀಲ ಮೇಡಮ್ಮಾ? ಇಲ್ಲೇ ಎಲ್ಲೋ ಅವ್ರೆ ಕಣ್ರೀ, ಟವಲ್ ಐತೆ. ಆಮೇಲ್ ಮಾಡಿ' ಎಂದು ಇಟ್ಟುಬಿಟ್ಟರು.

ನಾನು ಫೋನನ್ನೇ ನೋಡುತ್ತ ಕೂತೆ. ಅಂಗಡಿಯಾಕೆ ಕೇಳದೆಯೇ ಮತ್ತೆ ಒತ್ತಿ ಕೊಟ್ಟಳು. ಈ ಸಲ ನಾನು, ಬೀದಿ ನಾಯಿ ಹಪ್ಪಳಕ್ಕೆ ಬಾಯಿ ಹಾಕಿದಾಗ ಅರಚುವ ದನಿಯಲ್ಲಿ ಅರಚಿದೆ.

'ಚಂದ್ರಣ್ಣ, ಇಡಬೇಡಿ. ಆ ಟವಲ್ ಎತ್ತಿ ನೋಡಿ.'

'ಎಂಗಸ್ರ ಸಾಮಾನು, ನಾನ್ಯಾಕ್ರೀ ಎತ್ಲಿ? ಮೇಡಂ ಬಂದ್ಮೇಲೆ...'

'ನಾನೇ ಕಣ್ರೀ ಮೇಡಮ್ಮು. ಹೋಟೆಲ್ ಎದುರಿನ ಗೊಬ್ಬರದಂಗಡೀಲಿ ಕೂತಿದ್ದೀನಿ. ನನ್ನ ಬಿಟ್ಟು ಹೋಗಿದ್ದೀರಿ.'

ಹಿಂದಿನ ಹಾಡು ನಿಂತಿತು. ಆಮೇಲೆ ಚಂದ್ರಣ್ಣ ಬಹಳ ಮೆಲ್ಲಗೆ, 'ಅಂಗಾದ್ರೆ ಇಲ್ಲಿ ಸೀಟಲ್ಲಿರೋರು ಯಾರು?' ಎಂದು ಕೇಳಿದರು.

ಆದದ್ದು ಇಷ್ಟು. ಬಸ್ಸು ಹೊರಡುವ ಮುಂಚೆ ಕಂಪನಿಯ ಆಫೀಸರು ತಲೆ ಎಣಿಸಿದ್ದಾರೆ. ನನ್ನ ಸೀಟಿನ ಹತ್ತಿರ ಬಂದು ನಿಂತಾಗ ನಮ್ಮವರೆಲ್ಲ ಒಂದೇ ದನಿಯಲ್ಲಿ, 'ಅದು ಮೇಡಮ್ಮಂದು, ಟವಲ್ ಆಕವ್ರೆ, ಸೇರಿಸ್ಕೊಳ್ಳಿ' ಎಂದಿದ್ದಾರೆ. ಬೆಂಗಳೂರಿನ ಆ ಆಫೀಸರು ಟವಲ್ಲನ್ನೂ ಸೇರಿಸಿಕೊಂಡು ಲೆಕ್ಕ ಸರಿ ಮಾಡಿದ್ದಾರೆ. ಟವಲ್ಲು ಕಂಡರೆ ಬಸ್ಸು ನಿಲ್ಲಿಸಬೇಕೆಂಬುದು ವಿಯೆಟ್ನಾಮಿನ ಡ್ರೈವರಿಗೆ ಗೊತ್ತಿಲ್ಲ, ಟವಲ್ಲು ಕಂಡರೆ ಆಳು ಇದ್ದ ಹಾಗೆಯೇ ಎಂಬುದು ನಮ್ಮವರಿಗೆ ಬಹಳ ಚೆನ್ನಾಗಿ ಗೊತ್ತು. ಎರಡರ ನಡುವೆ ಬಿದ್ದವಳು ನಾನು.

ಬಸ್ಸು ತಿರುಗಿಕೊಂಡು ಬಂತು. ಆ ಬಸ್ಸಿನ ಮೂತಿ ದೂರದಲ್ಲಿ ಕಂಡಾಗ ನನಗಾದ ನೆಮ್ಮದಿಯನ್ನು ಹೇಳಲಾರೆ. ಮೊದಲ ಹೆರಿಗೆಯಾದ ಮೇಲೆ ಹಾಗೆ ಉಸಿರು ಬಿಟ್ಟದ್ದು ಅದೇ. ಚಂದ್ರಣ್ಣ ಎಲ್ಲರಿಗಿಂತ ಮೊದಲು ಇಳಿದು ಬಂದು, ಜೀವಮಾನದಲ್ಲಿ ಮೊದಲ ಸಲ ನನ್ನ ಮುಖ ನೋಡಿ, 'ತಪ್ಪಾಯ್ತು ಕಣಕ್ಕ' ಎಂದರು. ಮೇಡಂ ಹೋಗಿ ಅಕ್ಕ ಆಗಿತ್ತು. ಉಳಿದವರು ಅಂಗಡಿ ಕಂಡಿದ್ದೇ ನನ್ನನ್ನು ಮರೆತು ಒಳಗೆ ನುಗ್ಗಿದರು. ಮೂಟೆ ತಟ್ಟಿದರು, ರೇಟು ಕೇಳಿದರು, ಡಬ್ಬಿ ತಿರುಗಿಸಿದರು. ಆ ರೈತನ ನಾಲ್ಕು ಎಲೆಗಳು ಕೈಯಿಂದ ಕೈಗೆ ಹೋದವು, ಪ್ರತಿಯೊಬ್ಬರೂ ತಮ್ಮ ತಮ್ಮ ಅಂಗಡಿಯಲ್ಲಿ ಉಳಿದುಹೋದ ಮಾಲಿನ ಹೆಸರು ಹೇಳಿದರು. ತೂಗುಮಂಚದವನು ಎದ್ದು ಇಷ್ಟೊಂದು ಗಿರಾಕಿಗಳನ್ನು ಕಂಡು ಅಂಗಿ ಹುಡುಕಿದ. ದೋಣಿ ವಿಹಾರ ತಪ್ಪಿತು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಹೊರಡುವಾಗ ನಾನು ಅಂಗಡಿಯಾಕೆಗೆ ಕೋಡುಬಳೆಯ ಪೊಟ್ಟಣ ಕೊಟ್ಟೆ. ಆಕೆ ನನಗೊಂದು ಟೋಪಿ ಕೊಟ್ಟಳು, ನಾವು ನಮ್ಮ ರೈತರಿಗೆ ಕೊಡುವಂಥದ್ದೇ, ಮೇಲೆ ಯಾವುದೋ ಗೊಬ್ಬರದ ಹೆಸರಿರುವುದು. ಅಂದಿನಿಂದ ಹೋಟೆಲಿನ ಬಾಗಿಲಿಗೆ ಕುರ್ಚಿ ಒತ್ತರಿಸುವುದನ್ನು ಬಿಟ್ಟೆ. ರಸ್ತೆಯನ್ನು ನಾನೇ ದಾಟಿದೆ, ಒಂದು ಸಲ ಚಂದ್ರಣ್ಣನವರನ್ನೂ ದಾಟಿಸಿದೆ. 'ಈ ವಿಷಯ ಬಿಳಿಕೆರೆಗೆ ಮುಟ್ಟಬಾರದು' ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡೆ. 'ನಮ್ ಬಾಯಿಂದ ಬರಾಕಿಲ್ಲ ಬುಡಕ್ಕ' ಎಂದರು.

ಹೀಗೆ ನಾನು ಧೈರ್ಯಸ್ಥೆಯಾಗಿ ವಾಪಸು ಬಂದು ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ನಮ್ಮ ಮನೆಯವರು ಕಾಯುತ್ತ ನಿಂತಿದ್ದರು. ನಾಲ್ಕೈದು ದಿನಕ್ಕೇ ಇಳಿದುಹೋದ ಹಾಗೆ ಕಂಡರು. 'ಎಂಗಿತ್ತೇ?' ಎಂದರು. 'ಏನ್ ಮಹಾ. ಒಬ್ಬಳೇ ಆರಾಮಾಗಿ ಓಡಾಡಿದೆ' ಎಂದೆ. 'ಊಂ' ಎಂದರು. ಸ್ಟ್ಯಾಂಡಿನ ತುಂಬ ಜನ. ಒಂದು ಬಸ್ಸು ತಿರುಗಿ ಬರುತ್ತಿತ್ತು. ಅವರು ಅಭ್ಯಾಸಬಲದಿಂದ ನನ್ನ ಹೆಗಲ ಮೇಲಿದ್ದ ಟವಲ್ಲಿಗೆ ಕೈ ಚಾಚಿದರು. ನಾನು ಕೊಡಲಿಲ್ಲ. 'ನೀವು ಬ್ಯಾಗ್ ಹಿಡ್ಕೊಳ್ಳಿ, ಇವತ್ತು ಸೀಟು ನಾನು ಹಿಡೀತೀನಿ' ಎಂದವಳೇ, ಟೋಪಿ ಸರಿಮಾಡಿಕೊಂಡು ಓಡಿದೆ. ಬಸ್ಸಿನ ಜೊತೆಜೊತೆಗೇ ಓಡಿ, ಮೂರನೆಯ ಕಿಟಕಿಯೊಳಗೆ ಟವಲ್ಲು ತೂರಿದೆ. ಅದು ಸೀಟಿನ ಮೇಲೆ ಹರಡಿಕೊಂಡು ಬಿತ್ತು. ನಮ್ಮ ಮನೆಯವರು ಎಸೆದರೂ ಅಷ್ಟು ಚೆನ್ನಾಗಿ ಬೀಳುತ್ತಿರಲಿಲ್ಲ. ಗೆದ್ದವಳ ಹಾಗೆ ತಿರುಗಿ ನಿಂತೆ. ಅವರು ಕೈ ಬೀಸಿ ಏನೋ ಹೇಳುತ್ತಿದ್ದರು. ಹೊಗಳುತ್ತಿದ್ದಾರೆಂದುಕೊಂಡೆ. ಹತ್ತಿರ ಹೋದ ಮೇಲೆ ಕೇಳಿಸಿತು, 'ಅದು ಕೋಟೆ ಬಸ್ಸು ಕಣೇ, ಬೋರ್ಡ್ ನೋಡಬಾರ್ದಾ.' ತಿರುಗುವಷ್ಟರಲ್ಲಿ ಬಸ್ಸು ಭರ್ತಿಯಾಗಿ ಎಚ್.ಡಿ. ಕೋಟೆಗೆ ಹೊರಟೇಬಿಟ್ಟಿತು. ಅದು ಬಿಳಿಕೆರೆಯ ದಾರಿಯೇ ಅಲ್ಲ.

ನನ್ನ ಮುಖ ನೋಡಿ ಅವರು, 'ಓಗ್ಲಿ ಬುಡು. ವಿಯೆಟ್ನಾಮಲ್ಲಿ ನಿನ್ ಬುಟ್ಟೋದ ಟವಲ್ಲೇ ತಿರುಗಿ ಬಂತಂತೆ, ಕೋಟೆಯಿಂದ ಬರಲ್ವಾ?' ಎಂದರು.

ನಾನು ನಿಂತಲ್ಲೇ ನಿಂತೆ. 'ಯಾರು ಹೇಳಿದ್ದು?'

'ಅವತ್ತೇ ಚಂದ್ರಣ್ಣ ಫೋನ್ ಮಾಡಿದ್ದ. ನೀನ್ ಸಿಕ್ಕಿದ್ದೀಯ ಅಂತ ಮೊದ್ಲು ಏಳಿ, ಆಮೇಲೇ ಬುಟ್ಟೋಗಿದ್ದು ಏಳ್ದ, ಒಳ್ಳೆ ಮನ್ಸ. ಆದ್ರೂ ಅವತ್ತು ನಂಗೆ ಊಟ ಸೇರ್ನಿಲ್ಲ.'

'ಮತ್ತೆ ನನ್ನ ಕೇಳಲೇ ಇಲ್ವಲ್ಲ?'

'ಕೇಳಿದ್ರೆ, ನಾನೇಳ್ಲಿಲ್ವಾ ಅಂದಂಗಾಯ್ತಿತ್ತು. ನಾನೋಗಿದ್ರೆ ಇನ್ನೂ ಅಲ್ಲೇ ಇರ್ತಿದ್ದೆ. ನಂಗೆ ನನ್ ನಂಬರೇ ನೆಪ್ಪಿರಾಕಿಲ್ಲ' ಎಂದು, ಬ್ಯಾಗನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

ಹುಣಸೂರಿನ ಬಸ್ಸು ಬಂತು. ಎಸೆಯಲು ಟವಲ್ಲಿಲ್ಲದೆ ಇಬ್ಬರಿಗೂ ಸೀಟು ಸಿಗಲಿಲ್ಲ. ವಿದೇಶ ಸುತ್ತಿ ಬಂದ ನಾನು ಟೋಪಿ ಹಾಕಿಕೊಂಡು, ಕಂಬಿ ಹಿಡಿದು, ಬಿಳಿಕೆರೆಯವರೆಗೂ ನಿಂತುಕೊಂಡೇ ಬಂದೆ. ಸೀಟಿನಲ್ಲಿದ್ದ ಒಬ್ಬರು, 'ಫ್ಲೆಕ್ಸಲ್ಲಿರೋರು ನೀವೇ ಅಲ್ವಾ' ಎಂದು ಕೇಳಿದರೇ ಹೊರತು ಏಳಲಿಲ್ಲ. ನನಗೆ ಬೇಸರವೇನೂ ಆಗಲಿಲ್ಲ. ಅದೇ ಹೊತ್ತಿಗೆ ಆ ಕಡೆ ಕೋಟೆಯ ಬಸ್ಸಿನಲ್ಲಿ ಎಷ್ಟು ಜನ ನಿಂತಿದ್ದರೂ ಮೂರನೆಯ ಕಿಟಕಿಯ ಸೀಟು ಖಾಲಿಯೇ ಇರುತ್ತದೆ, ಯಾರಾದರೂ ಕೂರಲು ಹೋದರೆ ಪಕ್ಕದವರು, 'ಇಲ್ಲೇ ಎಲ್ಲೋ ಅವ್ರೆ ಕಣ್ರೀ, ಟವಲ್ ಐತೆ' ಎನ್ನುತ್ತಿರುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.